ಕಾವೇರಿಯ ಕಾಯಿಲೆ

ತ್ರಿವೇಣಿಯವರ ‘ಶರಪಂಜರ’ವನ್ನು ಓದದ ಕನ್ನಡಿಗರು ಬೇಕಾದಷ್ಟು ಮಂದಿ ಇರಬಹುದು, ಆದರೆ ಕಾವೇರಿಯ ಹೆಸರನ್ನೇ ಕೇಳದವರು ವಿರಳ. ಕಾದಂಬರಿಯನ್ನು ಓದದವರು ಪುಟ್ಟಣ್ಣ ಕಣಗಾಲರ ಚಿತ್ರವನ್ನು ನೋಡಿದ್ದಾರೆ; ಚಿತ್ರವನ್ನೂ ನೋಡದವರು ಅದರ ಹಾಡುಗಳನ್ನು ಆಕಾಶವಾಣಿಯಲ್ಲಿ ಕೇಳಿದ್ದಾರೆ. ಹೀಗೆ ಮನೆಮಾತಾಗಿಬಿಟ್ಟ ಕೃತಿಯಲ್ಲಿ ವಿಮರ್ಶೆಗೆ ಇನ್ನೇನು ಕೆಲಸ ಎಂದು ಕೇಳುವವರುಂಟು. ಕೆಲಸ ಇರುವುದೇ ಅಲ್ಲಿ ಎಂದು ನನಗೆ ತೋರುತ್ತದೆ. ಎಲ್ಲರಿಗೂ ಗೊತ್ತಿರುವ ಕಥೆಗೆ ಎಲ್ಲರೂ ಒಪ್ಪಿದ ಒಂದು ಅರ್ಥವೂ ಅಂಟಿಕೊಂಡುಬಿಡುತ್ತದೆ. ಆಮೇಲೆ ಕಥೆಯನ್ನು ಯಾರೂ ಓದುವುದಿಲ್ಲ, ಅರ್ಥವನ್ನು ಮಾತ್ರ ಒಪ್ಪಿಸುತ್ತಾರೆ.

‘ಶರಪಂಜರ’ಕ್ಕೆ ಅಂಟಿರುವ ಅರ್ಥ ಹೀಗಿದೆ. ಗಂಡನಿಗೆ ಅಚ್ಚುಮೆಚ್ಚಿನವಳಾದ ಕಾವೇರಿ ಹೆರಿಗೆಯ ತರುವಾಯ ಬುದ್ಧಿ ಕದಡಿ ಆಸ್ಪತ್ರೆ ಸೇರುತ್ತಾಳೆ. ಅಲ್ಲಿ ಗುಣ ಹೊಂದಿ ಮನೆಗೆ ಬರುತ್ತಾಳೆ. ಬಂದವಳನ್ನು ಗಂಡನಾಗಲಿ, ನಂಟರಾಗಲಿ, ನೆರೆಯವರಾಗಲಿ ಮೊದಲಿನ ಕಾವೇರಿಯೆಂದು ಕಾಣುವುದಿಲ್ಲ. ಗಂಡ ಇನ್ನೊಬ್ಬಳತ್ತ ವಾಲಿರುವುದು ತಿಳಿದಾಗ ಅವಳ ಮನಸ್ಸು ಎರಡನೆಯ ಬಾರಿ ಒಡೆಯುತ್ತದೆ. ಆದ್ದರಿಂದ ಅವಳನ್ನು ಹುಚ್ಚಿಯನ್ನಾಗಿ ಮಾಡಿದ್ದು ಸಮಾಜ. ಈ ಕೊನೆಯ ವಾಕ್ಯವನ್ನು ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಎಷ್ಟು ಬಾರಿ ಓದಿದ್ದೇನೋ ಲೆಕ್ಕವಿಲ್ಲ. ಯಲಹಂಕದ ಕಡೆಯ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ನಾನು ಅದಕ್ಕೆ ಅಂಕ ಕೊಡಲೇಬೇಕು. ಏಕೆಂದರೆ ಅದು ಸುಳ್ಳಲ್ಲ. ಆದರೆ ಅರ್ಧ ಮಾತ್ರ ನಿಜವಾದ ಮಾತು ಒಂದು ಮನೆಯೊಳಗೆ ಹೊಕ್ಕರೆ ಏನು ಮಾಡಬಲ್ಲದು ಎಂಬುದನ್ನು ಮುಂದೆ ಹೇಳುತ್ತೇನೆ.

ಮೊದಲು ಈ ಓದಿಗೆ ಸಲ್ಲಬೇಕಾದದ್ದನ್ನು ಸಲ್ಲಿಸೋಣ. ತ್ರಿವೇಣಿಯವರು ಬದುಕಿದ್ದದ್ದು ಅಲ್ಪಕಾಲ. 1928ರಲ್ಲಿ ಹುಟ್ಟಿದ ಅವರು 1963ರ ಜುಲೈನಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರು. ಬಾಣಂತಿಯ ಮನಸ್ಸನ್ನು ಕುರಿತು ಕನ್ನಡದ ಬಹು ಮುಖ್ಯವಾದ ಕಾದಂಬರಿಯನ್ನು ಬರೆದವರು ತಾವೇ ಬಾಣಂತಿಯಾಗಿ ಕಣ್ಣು ಮುಚ್ಚಿದರೆಂಬುದನ್ನು ನೆನೆದರೆ ಮನಸ್ಸು ಭಾರವಾಗುತ್ತದೆ. ಅವರು ಮನಶ್ಶಾಸ್ತ್ರವನ್ನು ಓದಿದ್ದವರು. ‘ಬೆಕ್ಕಿನ ಕಣ್ಣು’ವಿನಲ್ಲಿಯೂ ‘ಶರಪಂಜರ’ದಲ್ಲಿಯೂ ಆ ಓದನ್ನು ಅವರು ಮೈಸೂರಿನ ಮಧ್ಯಮವರ್ಗದ ಅಡುಗೆಮನೆ, ನಡುಮನೆಗಳೊಳಕ್ಕೆ ತಂದರು. ಹುಚ್ಚು ಎಂದರೆ ಪೂರ್ವಜನ್ಮದ ಕರ್ಮ, ಇಲ್ಲವೆ ಗಾಳಿ ಸೋಂಕು, ಇಲ್ಲವೆ ಮನೆತನದ ಕಲಂಕ ಎಂದು ನಂಬಿದ್ದ ಓದುಗರಿಗೆ, ಇದೊಂದು ಕಾಯಿಲೆ, ಇದಕ್ಕೆ ಆಸ್ಪತ್ರೆ ಉಂಟು, ಆಸ್ಪತ್ರೆಗೆ ಹೋದವಳು ಮರಳಿ ಬರಬಲ್ಲಳು ಎಂದು ಹೇಳಿದರು. ನಮ್ಮ ನವ್ಯ ವಿಮರ್ಶೆ ಅವರನ್ನು ಜನಪ್ರಿಯ ಲೇಖಕಿಯರ ಸಾಲಿಗೆ ಸೇರಿಸಿ ಮುಂದೆ ನಡೆಯಿತು. ಆ ಮೇಲೆ ಬಂದ ಸ್ತ್ರೀವಾದಿ ವಿಮರ್ಶೆ ಹಿಂದಿರುಗಿ ನೋಡಿ, ಕಾವೇರಿಯಲ್ಲಿ ಪುರುಷಪ್ರಧಾನ ಕುಟುಂಬದ ಬಲಿಪಶುವನ್ನು ಕಂಡಿತು. ಈ ಎರಡನೆಯದು ನ್ಯಾಯವಾದ ಮನ್ನಣೆಯೇ. ಆದರೆ ಇಬ್ಬರೂ ಕೇಳದೆ ಬಿಟ್ಟ ಒಂದು ಸಾಧಾರಣ ಪ್ರಶ್ನೆಯುಂಟು: ಕಾವೇರಿಗೆ ಬಂದದ್ದು ಏನು?

ನಮ್ಮ ಅಜ್ಜಿಯರನ್ನು ಕೇಳಿದ್ದರೆ ತಡಮಾಡದೆ ‘ಬಾಣಂತಿ ಸನ್ನಿ’ ಎನ್ನುತ್ತಿದ್ದರು. ಕಿವಿಗೆ ಹತ್ತಿಯಿಟ್ಟು, ತಲೆಗೆ ಬಟ್ಟೆ ಕಟ್ಟಿ, ಗಾಳಿ ತಾಕದಂತೆ ಬಾಣಂತಿಯನ್ನು ಕೋಣೆಯಲ್ಲಿ ಕೂರಿಸುತ್ತಿದ್ದುದರ ಹಿಂದೆ ಈ ಸನ್ನಿಯ ಭಯವೂ ಇತ್ತು. ಅವರ ಚಿಕಿತ್ಸೆ ಏನೇ ಇರಲಿ, ಗಮನಿಸುವ ಕಣ್ಣು ಅವರಿಗಿತ್ತು. ಹೆರಿಗೆಯಾದ ಮೊದಲ ಒಂದೆರಡು ವಾರಗಳಲ್ಲಿ, ಸಾವಿರ ಬಾಣಂತಿಯರಲ್ಲಿ ಒಬ್ಬಿಬ್ಬರಿಗೆ ನಿದ್ದೆ ಹಾರಿ, ಮಾತು ಹರಿದು, ಇಲ್ಲದ್ದು ಕಂಡು, ಗುರುತು ತಪ್ಪುವ ಕಾಯಿಲೆ ಬರುತ್ತದೆ. ಫ್ರಾನ್ಸಿನ ಮಾರ್ಸೆ ಎಂಬ ವೈದ್ಯ 1858ರಲ್ಲಿಯೇ ಇದರ ಮೇಲೆ ಒಂದು ಗ್ರಂಥ ಬರೆದ. ಇಂದಿನ ಮನೋವೈದ್ಯರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಈ ಬಾಣಂತಿ ಸನ್ನಿಗೂ ‘ಬೈಪೋಲಾರ್’ ಎಂದು ಈಗ ಎಲ್ಲರ ಬಾಯಲ್ಲಿರುವ ಕಾಯಿಲೆಗೂ ಹತ್ತಿರದ ನಂಟುಂಟು ಎನ್ನುತ್ತಾರೆ. ಬೈಪೋಲಾರ್ ಇರುವ ತಾಯಂದಿರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಹೆರಿಗೆಯ ನಂತರ ಕಾಯಿಲೆ ತೀವ್ರವಾಗಿ ಕೆರಳುತ್ತದೆ. ಬಾಣಂತನದಲ್ಲಿಯೇ ಮೊದಲ ಸಲ ಕಾಯಿಲೆ ಬಿದ್ದ ಅನೇಕರಿಗೆ ಮುಂದೆ ಹೆರಿಗೆಯ ಸಂಬಂಧವೇ ಇಲ್ಲದೆಯೂ ಅದು ಮರುಕಳಿಸುತ್ತದೆ. ಕಾದಂಬರಿಯ ಪಾತ್ರಕ್ಕೆ ರೋಗನಿರ್ಣಯ ಮಾಡುವುದು ಕನ್ನಡ ಉಪನ್ಯಾಸಕರ ಕೆಲಸವಲ್ಲವೆಂದು ನಾನು ಬಲ್ಲೆ. ಆದರೆ ಕಾವೇರಿಯ ಎರಡನೆಯ ಕುಸಿತಕ್ಕೆ ಗಂಡನ ದ್ರೋಹವೊಂದೇ ಕಾರಣವೆಂದು ಅರ್ಧ ಶತಮಾನದಿಂದ ತೀರ್ಪು ಕೊಡುತ್ತ ಬಂದಿದ್ದೇವೆ. ಅದೂ ಒಂದು ಬಗೆಯ ರೋಗನಿರ್ಣಯವೇ ಅಲ್ಲವೆ?

ಈ ಬೈಪೋಲಾರ್ ಎಂಬುದನ್ನು ಕುರಿತು ಒಂದೆರಡು ಮಾತು ಅಗತ್ಯ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಫಾಲ್ರೆ ಎಂಬ ಫ್ರೆಂಚ್ ವೈದ್ಯ ಉಲ್ಲಾಸವೂ ವಿಷಾದವೂ ಒಂದರ ಬೆನ್ನಿಗೆ ಒಂದು ಚಕ್ರದಂತೆ ಸುತ್ತುವುದನ್ನು ಗುರುತಿಸಿದ. 1899ರಲ್ಲಿ ಜರ್ಮನಿಯ ಕ್ರೆಪೆಲಿನ್ ಅವೆರಡನ್ನೂ ಒಂದೇ ರೋಗದ ಎರಡು ಮುಖಗಳೆಂದು ಕೂಡಿಸಿ ಹೆಸರಿಟ್ಟ. 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಆ ಹಳೆಯ ಹೆಸರು ಹೋಗಿ ಬೈಪೋಲಾರ್ ಎಂಬುದು ನಿಂತಿತು. ನಮ್ಮ ನಿಮ್ಹಾನ್ಸ್ ಮುಂದೆ ನಿಂತು 2015–16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ, ಇನ್ನೂರು ವಯಸ್ಕರಲ್ಲಿ ಸುಮಾರು ಒಬ್ಬರಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಇದು ಬಂದಿರುತ್ತದೆ. ಹಾಗೆ ಬಂದವರಲ್ಲಿ ನೂರಕ್ಕೆ ಎಪ್ಪತ್ತು ಮಂದಿಗೆ ತಕ್ಕ ಚಿಕಿತ್ಸೆ ಸಿಕ್ಕಿರಲಿಲ್ಲ. ಏಕೆ ಸಿಗುವುದಿಲ್ಲ ಎಂಬುದಕ್ಕೆ ಬಡತನ, ದೂರ, ನಾಚಿಕೆ ಇತ್ಯಾದಿ ಕಾರಣಗಳ ಜೊತೆಗೆ ಇನ್ನೊಂದನ್ನು ಸೇರಿಸಬೇಕು: ಈ ಕಾಯಿಲೆಯ ಏರುಮುಖ ಮೊದಮೊದಲು ಕಾಯಿಲೆಯಂತೆಯೇ ಕಾಣುವುದಿಲ್ಲ. ಮೂರು ಗಂಟೆಯ ನಿದ್ದೆ ಸಾಕೆನಿಸುತ್ತದೆ. ಬೆಳಗಿನ ಜಾವಕ್ಕೆ ಎದ್ದು ಅಟ್ಟ ತೊಳೆಯುವ ಹುರುಪು. ಮರೆತ ನಂಟರಿಗೆಲ್ಲ ಫೋನು. ಹೊಸ ವ್ಯಾಪಾರದ ಲೆಕ್ಕಾಚಾರ. ಕೈಯಲ್ಲಿದ್ದ ಹಣವನ್ನೆಲ್ಲ ದೇವನಹಳ್ಳಿಯ ಕಡೆ ಸೈಟಿಗೆ ಮುಂಗಡ ಕೊಟ್ಟು ಬರುವ ಧೈರ್ಯ. 2008ರಲ್ಲಿ ವಿಮಾನ ನಿಲ್ದಾಣ ಬಂದಂದಿನಿಂದ ಹೆಬ್ಬಾಳದಿಂದಾಚೆಗೆ ಊರಿಗೆ ಊರೇ ಸೈಟಿನ ಹಿಂದೆ ಓಡುತ್ತಿರುವಾಗ, ಅವರಲ್ಲಿ ಒಬ್ಬನಿಗೆ ಮಾತ್ರ ಕಾಯಿಲೆಯಿದೆ ಎಂದು ಕಂಡುಹಿಡಿಯುವುದು ಹೇಗೆ? ಮನೆಯವರು ಸಂತೋಷಪಡುತ್ತಾರೆ, ಚುರುಕಾದ ಎನ್ನುತ್ತಾರೆ. ಚುರುಕು ಸಿಡುಕಾಗಿ, ಸಿಡುಕು ಹುಸಿನಂಬಿಕೆಯಾಗಿ, ಒಂದು ದಿನ ಎಲ್ಲವೂ ಬಿದ್ದುಹೋದಾಗ ಮಾತ್ರ ಗಾಬರಿ. ಆಮೇಲಿನ ತಿಂಗಳುಗಳಲ್ಲಿ ಅದೇ ಮನುಷ್ಯ ಹಾಸಿಗೆಯಿಂದ ಏಳಲಾರ. ಆಗ ‘ಸೋಮಾರಿತನ’ ಎನ್ನುತ್ತಾರೆ.

ಈಗ ಕಾದಂಬರಿಗೆ ಹಿಂದಿರುಗೋಣ. ತ್ರಿವೇಣಿಯವರ ನಿಜವಾದ ಸಾಧನೆ ಕಾವೇರಿ ಏಕೆ ಕಾಯಿಲೆ ಬಿದ್ದಳೆಂಬುದನ್ನು ವಿವರಿಸಿದ್ದರಲ್ಲಿ ಇಲ್ಲ. ಅವಳು ಗುಣವಾದ ಮೇಲೆ ಏನಾಯಿತು ಎಂಬುದನ್ನು ತೋರಿಸಿದ್ದರಲ್ಲಿದೆ. ಹುಚ್ಚನ್ನು ಕುರಿತ ಕಥೆಗಳು ಸಾಮಾನ್ಯವಾಗಿ ಹುಚ್ಚು ಬಂದಲ್ಲಿಗೋ ಬಿಟ್ಟಲ್ಲಿಗೋ ಮುಗಿಯುತ್ತವೆ. ಇವರ ಕಥೆಯ ಜೀವಾಳ ಇರುವುದು ಆಸ್ಪತ್ರೆಯಿಂದ ಮನೆಗೆ ಬಂದ ಹೆಣ್ಣಿನ ದಿನಚರಿಯಲ್ಲಿ. ಅವಳು ನಕ್ಕರೆ ಇತರರು ಒಬ್ಬರ ಮುಖವನ್ನೊಬ್ಬರು ನೋಡುತ್ತಾರೆ. ಅವಳು ಸುಮ್ಮನೆ ಕುಳಿತರೆ ಪಿಸುಮಾತು. ಅವಳು ನ್ಯಾಯವಾಗಿ ಕೋಪಿಸಿಕೊಂಡರೂ ಆ ಕೋಪ ಕೋಪವಾಗಿ ಉಳಿಯದೆ ರೋಗಲಕ್ಷಣವಾಗಿಬಿಡುತ್ತದೆ. ಯಾರೂ ಅವಳನ್ನು ಹೊಡೆಯುವುದಿಲ್ಲ, ಬಯ್ಯುವುದೂ ಕಡಿಮೆ. ಅನುಕಂಪದ ಹೆಸರಿನಲ್ಲಿ ಇಣುಕುತ್ತಾರೆ, ಅಷ್ಟೆ. ತನ್ನ ಮನಸ್ಸಿನ ಮಾತಿಗೆ ತಾನೇ ಸಾಕ್ಷಿ ಹೇಳುವ ಹಕ್ಕನ್ನು ಅವಳಿಂದ ಎಲ್ಲರೂ ಸೇರಿ ನಯವಾಗಿ ಕಸಿದುಕೊಂಡಿದ್ದಾರೆ.

ಈ ನೋಟ ಎಷ್ಟು ನಿಖರವಾದದ್ದೆಂದು ತಿಳಿಯಬೇಕಾದರೆ ಇಂದಿಗೂ ಇಂಥ ಮನೆಗಳನ್ನು ನೋಡಬೇಕು. ನಾನು ವಾಸವಾಗಿರುವ ಆರ್.ಟಿ. ನಗರದಲ್ಲಿ ಮಾತ್ರೆಯ ಚೀಟಿಯನ್ನು ಬೀದಿಯ ಮೂಲೆಯ ಔಷಧಿ ಅಂಗಡಿಗೆ ಕೊಡದೆ ಯಶವಂತಪುರದವರೆಗೆ ಹೋಗಿ ಕೊಂಡುತರುವವರನ್ನು ಬಲ್ಲೆ. ಅಂಗಡಿಯವನಿಗೆ ತಿಳಿದರೆ ಬೀದಿಗೆ ತಿಳಿದಂತೆ, ಮಗಳ ಮದುವೆಯ ಮಾತು ನಡೆಯುತ್ತಿರುವಾಗ ಹೇಗಾದೀತು? ಬಸ್ಸಿನಲ್ಲಿ ಊರನ್ನು ಉದ್ದಕ್ಕೂ ದಾಟಿ ಹೊಸೂರು ರಸ್ತೆಯ ನಿಮ್ಹಾನ್ಸಿಗೆ ಹೋಗುವವರು ಪಕ್ಕದ ಮನೆಯವರಿಗೆ ‘ಜಯನಗರದಲ್ಲಿ ಸ್ವಲ್ಪ ಕೆಲಸ’ ಎನ್ನುತ್ತಾರೆ. ಆ ಸಂಸ್ಥೆಗೆ ಈ ಹೆಸರು ಬಂದದ್ದು 1974ರಲ್ಲಿ; ಅದಕ್ಕೆ ಮೊದಲು ಅಲ್ಲಿದ್ದ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯನ್ನು ಊರು ಒಂದೇ ಮಾತಿನಲ್ಲಿ ಹುಚ್ಚಾಸ್ಪತ್ರೆ ಎಂದಿತ್ತು. ಹೆಸರು ಬದಲಾದ ಮೇಲೆ ಹೊಸ ಹೆಸರೇ ಬೈಗುಳವಾಯಿತು. ಕಾಲೇಜಿನ ಹುಡುಗರು ಒಬ್ಬರನ್ನೊಬ್ಬರು ರೇಗಿಸುವುದನ್ನು ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತ್ರಿವೇಣಿಯವರು ಕಿವಿಗೊಟ್ಟು ಕೇಳಿ ಬರೆದದ್ದನ್ನು ಅದೇ ಕಾಲದಲ್ಲಿ ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಎಂಬ ಸಮಾಜಶಾಸ್ತ್ರಜ್ಞರೂ ಅವರ ಸಂಗಡಿಗರೂ ಅಳತೆ ಹಾಕಿ ನೋಡತೊಡಗಿದ್ದರು. ಆಸ್ಪತ್ರೆಯಿಂದ ಮನೆಗೆ ಮರಳಿದ ಮನೋರೋಗಿಗಳಲ್ಲಿ ಕೆಲವರಿಗೆ ಮಾತ್ರ ಬೇಗ ಮರುಕಳಿಸುವುದೇಕೆ ಎಂಬುದು ಅವರ ಪ್ರಶ್ನೆ. ಮನೆಮಂದಿಯ ಕೊಂಕುಮಾತು, ಹಗೆತನ, ಅತಿಯಾದ ಕಾಳಜಿ ಇವು ಹೆಚ್ಚಾಗಿರುವಲ್ಲಿ ಮರುಕಳಿಸುವುದೂ ಹೆಚ್ಚು ಎಂದು ಅವರು ಕಂಡರು. ಬೈಪೋಲಾರ್ ಕಾಯಿಲೆಗೂ ಇದು ಸಲ್ಲುತ್ತದೆಂದು ಆಮೇಲಿನ ಸಂಶೋಧನೆಗಳು ತೋರಿಸಿದವು. ಅತಿಯಾದ ಕಾಳಜಿಯನ್ನೂ ಆ ಪಟ್ಟಿಯಲ್ಲಿ ಸೇರಿಸಿರುವುದನ್ನು ಗಮನಿಸಬೇಕು. ಕನ್ನಡದ ಒಬ್ಬ ಗೃಹಿಣಿ ಮೈಸೂರಿನಲ್ಲಿ ಕುಳಿತು ಯಾವ ಅಳತೆಗೋಲೂ ಇಲ್ಲದೆ ಇದನ್ನು ಹಿಡಿದರೆಂಬುದು ನಮಗೆ ಹೆಮ್ಮೆಯ ವಿಷಯ. ಆದರೆ ಆ ಸಂಶೋಧಕರು ಹೇಳಿದ್ದು ಇಷ್ಟು ಮಾತ್ರ: ಮನೆಯ ಗಾಳಿ ಕಾಯಿಲೆಯನ್ನು ಕೆರಳಿಸಬಲ್ಲದು, ತಣಿಸಬಲ್ಲದು. ಮನೆಯೇ ಕಾಯಿಲೆಯನ್ನು ಹುಟ್ಟಿಸಿತೆಂದು ಅವರು ಹೇಳಲಿಲ್ಲ. ನಮ್ಮ ಓದು ಈ ಗೆರೆಯನ್ನು ದಾಟಿಬಿಟ್ಟಿದೆ.

ದಾಟಿದರೆ ಏನಾಗುತ್ತದೆಂಬುದನ್ನು ಒಬ್ಬಳು ವಿದ್ಯಾರ್ಥಿನಿಯ ಮಾತು ನನಗೆ ಕಾಣಿಸಿತು. ಬಿ.ಎ. ತರಗತಿಯಲ್ಲಿ ‘ಶರಪಂಜರ’ದ ಪಾಠ ಮುಗಿದ ದಿನ ಎಲ್ಲರೂ ಸತೀಶನನ್ನು ಮನಸಾರೆ ಬೈದರು. ಗಂಟೆ ಹೊಡೆದ ಮೇಲೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಬಂದು, “ಮೇಡಮ್, ಸತೀಶ ಒಳ್ಳೆಯವನಾಗಿದ್ದಿದ್ರೆ ಕಾವೇರಿಗೆ ಎರಡನೇ ಸಲ ಆಗ್ತಾನೇ ಇರ್ಲಿಲ್ವಾ?” ಎಂದಳು. ನಾನು ಉತ್ತರ ಹೇಳುವ ಮೊದಲೇ, “ನಮ್ಮಪ್ಪ ತುಂಬಾ ಒಳ್ಳೆಯವರು. ಆದ್ರೂ ನಮ್ಮಮ್ಮಂಗೆ ಮೂರು ಸಲ ಆಗಿದೆ” ಎಂದಳು. ಅಷ್ಟು ಹೇಳಿ ಪುಸ್ತಕಗಳನ್ನು ಎದೆಗವಚಿಕೊಂಡು ನಿಂತಳು. ಆ ಒಂದು ಗಂಟೆಯ ಪಾಠದ ಉದ್ದಕ್ಕೂ ಅವಳ ತಂದೆ ಕಟಕಟೆಯಲ್ಲಿ ನಿಂತಿದ್ದರು. ತಂದೆ ನಿರಪರಾಧಿಯೆಂದಾದರೆ ಅಪರಾಧಿ ಯಾರು, ತಾನೇ ಇರಬಹುದೆ ಎಂದೂ ಅವಳು ಯೋಚಿಸಿರಬೇಕು; ಮಕ್ಕಳು ಹಾಗೆ ಯೋಚಿಸುತ್ತಾರೆ. ಸಮಾಜದ ತಪ್ಪು ಎಂದು ಬರೆಯುವ ನಮಗೆ ಸಮಾಜವೆಂಬುದು ದೊಡ್ಡದೊಂದು ಅಮೂರ್ತ ವಸ್ತು. ರೋಗಿಯ ಮನೆಯಲ್ಲಿ ಆ ಸಮಾಜಕ್ಕೆ ಅಪ್ಪ, ಅಜ್ಜಿ, ಅಕ್ಕ ಎಂಬ ಹೆಸರುಗಳಿರುತ್ತವೆ.

ಅವಳ ಪ್ರಶ್ನೆಗೆ ಉತ್ತರ: ಆಗುತ್ತಿರಲಿಲ್ಲವೆಂದು ಯಾರೂ ಹೇಳಲಾರರು. ಗಂಡ ದೇವರಂಥವನಾಗಿದ್ದರೂ, ನೆರೆಹೊರೆ ಹೂವಿನಂತೆ ನೋಡಿಕೊಂಡಿದ್ದರೂ, ಈ ಜಾತಿಯ ಕಾಯಿಲೆ ತನ್ನಷ್ಟಕ್ಕೆ ತಾನೇ ಮರಳಿ ಬರಬಲ್ಲದು. ತ್ರಿವೇಣಿಯವರ ಕಾಲದಲ್ಲಂತೂ ಅದನ್ನು ತಡೆದು ನಿಲ್ಲಿಸುವ ಔಷಧಿ ವೈದ್ಯರ ಕೈಯಲ್ಲಿ ನೆಲೆಗೊಂಡಿರಲಿಲ್ಲ. ವಿದ್ಯುತ್ ಚಿಕಿತ್ಸೆಯಿತ್ತು, ಐವತ್ತರ ದಶಕದಲ್ಲಿ ಬಂದ ಶಾಮಕ ಔಷಧಿಗಳಿದ್ದವು. ಇವು ಬಂದ ಬಿರುಗಾಳಿಯನ್ನು ಇಳಿಸುತ್ತಿದ್ದವು. ಮುಂದಿನದನ್ನು ತಡೆಯುವ ಮಾತು ಬೇರೆ. ಲಿಥಿಯಂ ಎಂಬ ಉಪ್ಪಿನ ಜಾತಿಯ ವಸ್ತು ಉನ್ಮಾದವನ್ನು ಇಳಿಸುತ್ತದೆಂದು ಆಸ್ಟ್ರೇಲಿಯದ ಜಾನ್ ಕೇಡ್ 1949ರಲ್ಲಿಯೇ ಬರೆದಿದ್ದ. ಅದನ್ನು ದಿನವೂ ತೆಗೆದುಕೊಳ್ಳುತ್ತಿದ್ದರೆ ಮರುಕಳಿಕೆಯೇ ಕಡಿಮೆಯಾಗುತ್ತದೆಂದು ಡೆನ್ಮಾರ್ಕಿನ ಬಾಸ್ತ್ರುಪ್ ಮತ್ತು ಸ್ಕೌ ವಿವರವಾಗಿ ತೋರಿಸಿದ್ದು 1967ರಲ್ಲಿ. ತ್ರಿವೇಣಿ ತೀರಿಕೊಂಡು ಆಗಲೇ ನಾಲ್ಕು ವರ್ಷ. ಆದುದರಿಂದ ಕಾವೇರಿ ಮತ್ತೆ ಆಸ್ಪತ್ರೆಯ ದಾರಿ ಹಿಡಿಯುವ ಆ ಅಂತ್ಯ ತನ್ನ ಕಾಲಕ್ಕೆ ಪ್ರಾಮಾಣಿಕವಾದ ಅಂತ್ಯ. ಅದನ್ನು ಎಲ್ಲ ಕಾಲದ ವಿಧಿಯೆಂದು ಪಾಠ ಹೇಳಿದರೆ ಮಾತ್ರ ತೊಡಕು. ಇಂದು ಲಿಥಿಯಂ ಉಂಟು, ಬೇರೆ ಮಾತ್ರೆಗಳೂ ಉಂಟು. ಲಿಥಿಯಂ ತೆಗೆದುಕೊಳ್ಳುವವರು ರಕ್ತದಲ್ಲಿ ಅದರ ಪ್ರಮಾಣವನ್ನೂ, ಮೂತ್ರಪಿಂಡ ಮತ್ತು ಥೈರಾಯ್ಡ್‌ಗಳನ್ನೂ ಕಾಲಕಾಲಕ್ಕೆ ಪರೀಕ್ಷೆ ಮಾಡಿಸಬೇಕು. ವಾಂತಿಭೇದಿಯಾದರೆ, ನೋವಿನ ಮಾತ್ರೆ ನುಂಗಬೇಕಾದರೆ ವೈದ್ಯರಿಗೆ ತಿಳಿಸಬೇಕು. ಚೆನ್ನಾಗಿದ್ದೇನೆಂದು ತಟ್ಟನೆ ನಿಲ್ಲಿಸಬಾರದು. ಇಷ್ಟೂ ಕಟ್ಟುಪಾಡಿನೊಳಗೆ ಕಚೇರಿಗೆ ಹೋಗುತ್ತ, ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತ ಇಪ್ಪತ್ತು ವರ್ಷ ನಡೆದವರಿದ್ದಾರೆ. ಅವರ ಕಥೆಯನ್ನು ಕನ್ನಡದಲ್ಲಿ ನಾನು ಓದಿಲ್ಲ.

ಓದದಿರುವುದಕ್ಕೆ ಚಲನಚಿತ್ರವೂ ಒಂದು ಕಾರಣವಿರಬಹುದು. 1971ರ ಚಿತ್ರದಲ್ಲಿ ಕಲ್ಪನಾ ಅವರ ಅಭಿನಯವನ್ನು ಕಂಡವರು ಮರೆಯಲಾರರು. ಕಡೆಯ ಭಾಗದಲ್ಲಿ ಅವರ ಕಣ್ಣುಗಳು ಒಂದನ್ನೂ ನೋಡದೆ ಎಲ್ಲವನ್ನೂ ನೋಡುವ ಬಗೆ ಇಂದಿಗೂ ಎದೆ ನಡುಗಿಸುತ್ತದೆ. ಪುಟ್ಟಣ್ಣನವರ ಪ್ರತಿಭೆಯನ್ನು ಕುರಿತು ನನಗೆ ಎರಡು ಮಾತಿಲ್ಲ. ಆದರೆ ಚಿತ್ರ ಕಾವೇರಿಯ ಗತಜೀವನದ ಒಂದು ಕಹಿ ಘಟನೆಯನ್ನು ಮುಂದಕ್ಕೆ ತಂದು, ಸನ್ನಿಯಲ್ಲಿ ಅವಳ ಬಾಯಿಂದ ಆ ಗುಟ್ಟು ಹೊರಬೀಳುವಂತೆ ಮಾಡಿ, ಕಾಯಿಲೆಗೆ ಒಂದು ಬೀಗದ ಕೈಯನ್ನು ಒದಗಿಸಿತು. ಅಂದಿನಿಂದ ನಮ್ಮ ತೆರೆಯ ಮೇಲೆ ಹುಚ್ಚಿಗೊಂದು ಗುಟ್ಟು ಇರಲೇಬೇಕು. ಅದೇ ನಿರ್ದೇಶಕರ ‘ಮಾನಸ ಸರೋವರ’ದಲ್ಲಿ ಪ್ರೇಮಭಂಗವಾದ ಮನೋವೈದ್ಯನೇ ಬುದ್ಧಿ ಕಳೆದುಕೊಳ್ಳುತ್ತಾನೆ, 2004ರ ‘ಆಪ್ತಮಿತ್ರ’ದಲ್ಲಿ ಬಂಗಲೆಯ ಹಳೆಯ ಕಥೆಯನ್ನು ಬಿಡಿಸಿದರೆ ರೋಗವೂ ಬಿಡುತ್ತದೆ. ಗುಟ್ಟು ರಟ್ಟಾದರೆ ವಾಸಿ ಎಂಬುದು ನೋಡುಗನಿಗೆ ಹಿತವಾದ ಸೂತ್ರ. ಬೈಪೋಲಾರಿನಲ್ಲಿ ರಟ್ಟಾಗಲು ಹಲವೊಮ್ಮೆ ಯಾವ ಗುಟ್ಟೂ ಇರುವುದಿಲ್ಲ. ವಂಶದ ರಕ್ತದಲ್ಲಿ ಬಂದದ್ದು, ಕೆಟ್ಟ ನಿದ್ದೆ, ಹೆರಿಗೆ, ಒಂದು ಸಾವು, ಒಂದು ಬಡ್ತಿ ಕೂಡ ಸಾಕು. ಬಡ್ತಿ ಸಿಕ್ಕಿದ್ದಕ್ಕೆ ಕಾಯಿಲೆ ಬಿದ್ದ ನಾಯಕನನ್ನು ಯಾವ ನಿರ್ಮಾಪಕ ಒಪ್ಪಿಯಾನು?

ನಮ್ಮ ನುಡಿಯ ಕಡೆಗೂ ಒಮ್ಮೆ ನೋಡಬೇಕು. ಕನ್ನಡಕ್ಕೆ ಹುಚ್ಚಿನ ಮೇಲೆ ತಿರಸ್ಕಾರವೊಂದೇ ಇರಲಿಲ್ಲ. ವಚನಕಾರರ ಲೋಕದಲ್ಲಿ ಶಿವನಿಗಾಗಿ ಮರುಳಾಗುವುದು ದೊಡ್ಡ ಪದವಿ. ಕಾವ್ಯಗಳಲ್ಲಿ ವಿರಹೋನ್ಮಾದಕ್ಕೆ ಗೌರವದ ಪೀಠ. ಆಯುರ್ವೇದದಲ್ಲಿ ಚರಕ ಉನ್ಮಾದವನ್ನು ಐದು ಬಗೆಯಾಗಿ ವಿಂಗಡಿಸಿ ಮದ್ದು ಹೇಳಿದ. ಹೀಗೆ ಭಕ್ತಿಗೂ ಪ್ರೇಮಕ್ಕೂ ಮರುಳನ್ನು ಮೀಸಲಿಟ್ಟ ನುಡಿಯಲ್ಲಿ, ರಾತ್ರಿ ಊಟವಾದ ಮೇಲೆ ಮಾತ್ರೆ ನುಂಗಿ ಹತ್ತು ಗಂಟೆಗೆ ತಪ್ಪದೆ ಮಲಗಬೇಕಾದ ಬ್ಯಾಂಕ್ ಗುಮಾಸ್ತನಿಗೆ ಜಾಗವಿಲ್ಲ. ಪತ್ರಿಕೆಗಳು ‘ದ್ವಿಧ್ರುವ ಮನೋವ್ಯಾಧಿ’ ಎನ್ನುತ್ತವೆ. ಭೂಗೋಳದ ಪಾಠದಂತೆ ಕೇಳುವ ಈ ಮಾತನ್ನು ಯಾವ ತಾಯಿಯೂ ತನ್ನ ಮಗನನ್ನು ಕುರಿತು ಆಡಿದ್ದನ್ನು ನಾನು ಕೇಳಿಲ್ಲ. ಮನೆಗಳಲ್ಲಿ ‘ಡಲ್ಲಾಗಿದ್ದಾನೆ’, ‘ಮಾತು ಜಾಸ್ತಿಯಾಗಿದೆ, ಯಾಕೋ ಭಯ’ ಎನ್ನುತ್ತಾರೆ. ಕಾದಂಬರಿಕಾರನಿಗೆ ಬೇಕಾದ ನುಡಿ ಈ ಎರಡನೆಯದೇ. ವೈದ್ಯರೇ ಕನ್ನಡದಲ್ಲಿ ಬರೆದ ಪರಂಪರೆ ನಮ್ಮಲ್ಲಿ ಚೆನ್ನಾಗಿದೆ: ‘ಕೊರವಂಜಿ’ಯ ರಾಶಿಯವರು, ಎಂದರೆ ಡಾ. ಎಂ. ಶಿವರಾಂ, ‘ಮನಮಂಥನ’ಕ್ಕೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು, ನಿಮ್ಹಾನ್ಸಿನಲ್ಲಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರ ಸಣ್ಣ ಸಣ್ಣ ಪುಸ್ತಕಗಳು ಹಳ್ಳಿಯ ವಾಚನಾಲಯಗಳನ್ನೂ ಮುಟ್ಟಿವೆ. ಮಾಹಿತಿಯ ಬರಗಾಲ ನಮಗಿಲ್ಲ. ರೋಗದೊಡನೆ ವರ್ಷಗಟ್ಟಲೆ ಬಾಳಿದ ಮನೆಯೊಂದರ ಕಥನ ಮಾತ್ರ ಇನ್ನೂ ಬರಬೇಕಾಗಿದೆ.

ಅಂಥ ಕಥನ ಹೇಗಿರಬಹುದೆಂಬುದಕ್ಕೆ ನೆರೆಯ ಮುಂಬಯಿಯಿಂದ ಒಂದು ನಿದರ್ಶನ ಕೊಡಬಹುದು. ಜೆರ್ರಿ ಪಿಂಟೋ ಇಂಗ್ಲಿಷಿನಲ್ಲಿ ಬರೆದ ‘ಎಮ್ ಅಂಡ್ ದ ಬಿಗ್ ಹೂಮ್’ 2012ರಲ್ಲಿ ಪ್ರಕಟವಾಯಿತು, 2016ರಲ್ಲಿ ಅದಕ್ಕೂ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಮಾಹಿಮಿನ ಒಂದು ಪುಟ್ಟ ಮನೆ. ಗೋವೆಯ ಮೂಲದ ಕ್ರೈಸ್ತ ಕುಟುಂಬ. ತಂದೆ, ತಾಯಿ, ಮಗಳು, ಮಗ. ತಾಯಿಗೆ ಬೈಪೋಲಾರ್. ಕಥೆ ಹೇಳುವವನು ಮಗ. ಅವಳು ಬೀಡಿ ಸೇದುತ್ತಾಳೆ, ನಗಿಸುತ್ತಾಳೆ, ಮಗನ ಮುಂದೆ ಆಡಬಾರದ ಮಾತನ್ನೂ ಆಡುತ್ತಾಳೆ, ಸಾಯಲು ಹೊರಡುತ್ತಾಳೆ, ಆಸ್ಪತ್ರೆಗೆ ಹೋಗುತ್ತಾಳೆ, ಬರುತ್ತಾಳೆ. ಕಾವೇರಿಗೂ ಅವಳಿಗೂ ನಡುವೆ ಒಂದು ವಿಸ್ಮಯದ ಹೋಲಿಕೆಯಿದೆ: ತನ್ನ ಕತ್ತಲೆ ಶುರುವಾದದ್ದು ಈ ಮಗ ಹುಟ್ಟಿದ ಮೇಲೆ, ಯಾರೋ ಒಳಗೊಂದು ನಲ್ಲಿ ತಿರುಗಿಸಿದಂತೆ, ಎಂಬ ಅರ್ಥದ ಮಾತನ್ನು ಆ ತಾಯಿ ಆಡುತ್ತಾಳೆ. ಆ ಮಾತನ್ನು ಕೇಳಿಸಿಕೊಂಡ ಮಗ ಬೆಳೆದು ದೊಡ್ಡವನಾಗುತ್ತಾನೆ. ತ್ರಿವೇಣಿಯವರ ಕಾದಂಬರಿಯಲ್ಲಿ ಮಗುವಿನ ಕಡೆಯಿಂದ ಕಥೆ ಕೇಳುವ ಸಂದರ್ಭವೇ ಇಲ್ಲ. ಪಿಂಟೋ ಅವರದರಲ್ಲಿ ಪೂರ್ತಿ ಅದೇ. ತಾಯಿಯನ್ನು ಅವನು ಪ್ರೀತಿಸುತ್ತಾನೆ, ಅವಳಿಗೆ ಹೆದರುತ್ತಾನೆ, ಈ ಕಾಯಿಲೆ ನಾಳೆ ತನಗೂ ಬರಬಹುದೆಂದು ಅದಕ್ಕಿಂತ ಹೆಚ್ಚು ಹೆದರುತ್ತಾನೆ. ಮುಖ್ಯವಾದುದೇನೆಂದರೆ, ಅಲ್ಲಿ ಖಳನಾಯಕನಿಲ್ಲ. ಯಾರ ದ್ರೋಹದಿಂದಲೂ ಅವಳು ಬೀಳುವುದಿಲ್ಲ. ಯಾರ ತ್ಯಾಗದಿಂದಲೂ ಪೂರ್ತಿ ಏಳುವುದೂ ಇಲ್ಲ. ಕಲೆಯ ದೃಷ್ಟಿಯಿಂದ ಇದು ಕಷ್ಟದ ಹಾದಿ. ದ್ರೋಹವಿದ್ದರೆ ಕಥೆಗೆ ಏರಿಳಿತ ತಾನೇ ಬರುತ್ತದೆ. ಅದಿಲ್ಲದೆ ನಾನೂರು ಮಂಗಳವಾರಗಳ ಬದುಕನ್ನು ಓದುವಂತೆ ಬರೆಯಲು ಬೇರೆಯ ತಾಳ್ಮೆ ಬೇಕು. ಹಾಗೆಂದು ತ್ರಿವೇಣಿಯವರಿಗಿಂತ ಪಿಂಟೋ ದೊಡ್ಡವರೆಂದು ನಾನು ಹೇಳಲಾರೆ. ನೆರೆಮನೆಯ ಕಣ್ಣು ಹೇಗೆ ಚುಚ್ಚುತ್ತದೆಂಬುದನ್ನು ತ್ರಿವೇಣಿಯವರಷ್ಟು ಬಲ್ಲವರು ಅಪರೂಪ. ಆದರೆ ನನ್ನ ವಿದ್ಯಾರ್ಥಿನಿಗೆ ಎರಡನ್ನೂ ಓದಲು ಹೇಳಿದೆ.

‘ಶರಪಂಜರ’ ಎಂಬ ಹೆಸರಿನ ಬಗ್ಗೆಯೂ ನನ್ನದೊಂದು ಊಹೆಯುಂಟು. ಬಾಣಗಳೆಂದರೆ ಸುತ್ತಲಿನವರ ಮಾತುಗಳು, ಪಂಜರವೆಂದರೆ ಕಾವೇರಿಯ ಸ್ಥಿತಿ ಎಂದು ಸಾಮಾನ್ಯವಾಗಿ ಬಿಡಿಸುತ್ತಾರೆ. ಆದರೆ ಭಾರತ ಕಥೆ ಕೇಳಿದವರಿಗೆ ಖಾಂಡವದಹನ ನೆನಪಾಗಬೇಕು. ಉರಿಯುವ ಕಾಡಿನ ಮೇಲೆ ಇಂದ್ರ ಮಳೆ ಸುರಿಸಿದಾಗ ಅರ್ಜುನ ಬಾಣಗಳ ಚಪ್ಪರ ಹೆಣೆದು ಒಂದು ಹನಿಯೂ ಒಳಗೆ ಬೀಳದಂತೆ ತಡೆದ. ಅಲ್ಲಿ ಬೆಂಕಿಯನ್ನು ಹಚ್ಚಿದ್ದು ಬಾಣವಲ್ಲ. ಬಾಣ ಮಾಡಿದ್ದು ನೀರನ್ನು ತಡೆಯುವ ಕೆಲಸ. ಲೇಖಕಿಯ ಮನಸ್ಸಿನಲ್ಲಿ ಇದೇ ಇತ್ತೆಂದು ನಾನು ಸಾಧಿಸಲಾರೆ. ಆದರೆ ಹೀಗೆ ಓದಿದರೆ ಕಾದಂಬರಿಯ ಸತ್ಯ ಕುಂದುವುದಿಲ್ಲ, ಇನ್ನೂ ನೇರವಾಗುತ್ತದೆ.

ಮಳೆಯೂ ಈಗ ಅಂದಿಗಿಂತ ಹತ್ತಿರದಲ್ಲಿದೆ. ಕಾಯಿಲೆಯಾದ ತಾಯಿಯನ್ನು ಕೂಸಿನಿಂದ ಅಗಲಿಸದೆ ಇಬ್ಬರನ್ನೂ ಒಟ್ಟಿಗೆ ಸೇರಿಸಿಕೊಂಡು ನೋಡುವ ವಿಭಾಗ 2009ರಲ್ಲಿ ನಿಮ್ಹಾನ್ಸಿನಲ್ಲಿ ಆರಂಭವಾಯಿತು. ನಮ್ಮ ದೇಶದಲ್ಲಿ ಅದು ಮೊದಲನೆಯದು. 2017ರ ಮಾನಸಿಕ ಆರೋಗ್ಯ ಕಾಯಿದೆ, ಚಿಕಿತ್ಸೆ ಪಡೆಯುತ್ತಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸಬಾರದೆಂದು ವಿಧಿಸಿದೆ. ತ್ರಿವೇಣಿಯವರ ಕಾಲದಲ್ಲಿ ಜಾರಿಯಲ್ಲಿದ್ದುದು 1912ರ ಹುಚ್ಚರ ಕಾಯಿದೆ. 2022ರ ಅಕ್ಟೋಬರಿನಿಂದ ‘ಟೆಲಿ ಮನಸ್’ ಎಂಬ ಸರ್ಕಾರಿ ದೂರವಾಣಿ ಸೇವೆಯಿದೆ. 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು.

ಕಡೆಗೆ ಸತೀಶನ ವಿಷಯ. ಅವನ ದ್ರೋಹವನ್ನು ನಾನು ಸಮರ್ಥಿಸುತ್ತಿಲ್ಲ. ಆದರೆ ಅವನಿಗೆ ಕಾದಂಬರಿಯಲ್ಲಿ ಇನ್ನಷ್ಟು ಪುಟಗಳು ಸಿಗಬೇಕಾಗಿತ್ತೆಂದು ಓದಿದಾಗಲೆಲ್ಲ ಅನಿಸುತ್ತದೆ. ಬಾಣಂತಿ ಹೆಂಡತಿ ಒಂದು ರಾತ್ರಿ ಅಪರಿಚಿತಳಾಗಿಬಿಟ್ಟದ್ದನ್ನು ಕಂಡ ತರುಣ ಅವನು. ಇದೇನು ಕಾಯಿಲೆ, ಮತ್ತೆ ಬರುತ್ತದೆಯೆ, ಬರುವ ಮೊದಲು ಏನು ಸೂಚನೆ, ನಕ್ಕಾಗ ನಗಬೇಕೆ, ಎಷ್ಟು ಕಾಯಬೇಕು, ಯಾವಾಗ ಸುಮ್ಮನಿರಬೇಕು ಎಂದು ಅವನಿಗೆ ಕೂರಿಸಿಕೊಂಡು ಹೇಳಿದವರು ಯಾರೂ ಇಲ್ಲ. ಅವನ ದೂರ ನಿಲ್ಲುವಿಕೆಯಲ್ಲಿ ಲಂಪಟತನ ಎಷ್ಟು, ಭಯ ಎಷ್ಟು ಎಂದು ತೂಗಿ ನೋಡುವ ಅವಕಾಶವನ್ನು ಕಥೆ ಕೊಡುವುದಿಲ್ಲ. ಇನ್ನೊಬ್ಬ ಹೆಣ್ಣನ್ನು ತಂದೊಡನೆ ತೂಗುವ ಅಗತ್ಯವೇ ತಪ್ಪಿಹೋಗುತ್ತದೆ. ಪಿಂಟೋ ಅವರ ಕಾದಂಬರಿಯ ತಂದೆ ಕಡಿಮೆ ಮಾತಿನವನು. ದುಡಿದು ಬರುತ್ತಾನೆ, ಮನೆಗೆಲಸ ಮಾಡುತ್ತಾನೆ, ಆಸ್ಪತ್ರೆಗೆ ಕರೆದೊಯ್ಯುತ್ತಾನೆ, ಮರುದಿನ ಮತ್ತೆ ದುಡಿಯಲು ಹೋಗುತ್ತಾನೆ. ಅವನಂಥ ಗಂಡಂದಿರನ್ನು, ಅವನಂಥ ಹೆಂಡತಿಯರನ್ನು ತಿಂಗಳಿಗೊಮ್ಮೆ ನಿಮ್ಹಾನ್ಸಿನ ಹೊರರೋಗಿ ವಿಭಾಗದ ಸಾಲಿನಲ್ಲಿ ಬೇಕಾದಷ್ಟು ಮಂದಿಯನ್ನು ಕಾಣಬಹುದು: ಕಡತ, ನೀರಿನ ಬಾಟಲಿ, ಡಬ್ಬಿಯಲ್ಲಿ ಚಿತ್ರಾನ್ನ, ಪಕ್ಕದಲ್ಲಿ ಸುಮ್ಮನೆ ಕುಳಿತ ಒಬ್ಬರು. ಬೆಳಗಿನ ಬಸ್ಸಿಗೆ ಯಲಹಂಕದಿಂದ ಹೊರಟು ಬಂದವರೂ ಆ ಸಾಲಿನಲ್ಲಿರುತ್ತಾರೆ.